ಸಹಾಯ ಬೇಕು: ಹಾಲ್ ಗಿಂಬಲ್ ಹಾಕಿದ ಮೇಲೆ ಥ್ರಾಟಲ್ ನಡುಗುತ್ತಿದೆ

ಡ್ರೋನ್ ರಿಮೋಟಿನ ಹಳೇ ಪೊಟೆನ್ಷಿಯೋಮೀಟರ್ ಗಿಂಬಲ್ (ಸ್ಟಿಕ್ ಕೂತಿರುವ ಜೋಡಣೆ) ತೆಗೆದು, ಅಯಸ್ಕಾಂತದಿಂದ ಸ್ಟಿಕ್ ಸ್ಥಾನ ಅಳೆಯುವ ಹಾಲ್ ಸೆನ್ಸರ್ ಗಿಂಬಲ್ ಕೂರಿಸಿದ್ದೇನೆ, ರಿಮೋಟಿನ ಬೆನ್ನಲ್ಲಿ 2.4 ಗಿಗಾಹರ್ಟ್ಸ್ ರೇಡಿಯೋ ಮಾಡ್ಯೂಲ್ ಇದೆ. ಸ್ಟಿಕ್ ಮುಟ್ಟದಿದ್ದರೂ ಥ್ರಾಟಲ್ (ಮೋಟಾರ್ ವೇಗದ ಚಾನೆಲ್) ಸಿಗ್ನಲ್ 1500ರ ಆಚೀಚೆ 15–20 ಮೈಕ್ರೊಸೆಕೆಂಡ್ ಕುಣಿಯುತ್ತೆ. ಉಳಿದ ಮೂರು ಚಾನೆಲ್ 1–2 ದಾಟಲ್ಲ.

ಕ್ಯಾಲಿಬ್ರೇಷನ್ ಮತ್ತೆ ಮಾಡಿಯಾಯ್ತು, ಫಲವಿಲ್ಲ. ಗಿಂಬಲ್‌ಗೆ 3.3 ವೋಲ್ಟ್ ಬರ್ತಿದೆ (ಮಲ್ಟಿಮೀಟರ್ ತೋರಿಸೋದು ಸರಾಸರಿ ಅಷ್ಟೇ, ವೇಗದ ಏರಿಳಿತ ಅದಕ್ಕೆ ಸಿಗಲ್ಲ). ಮಾಡ್ಯೂಲ್ ಪವರ್ 250 ಮಿಲಿವ್ಯಾಟ್‌ನಿಂದ 25ಕ್ಕೆ ಇಳಿಸಿದರೆ ನಡುಕ 3–4ಕ್ಕೆ ಬರುತ್ತೆ, ಮಾಡ್ಯೂಲ್ ಕಿತ್ತರೆ ನಿಂತೇ ಹೋಗುತ್ತೆ. ಎರಡೂ ಗಿಂಬಲ್‌ಗಳ ಕನೆಕ್ಟರ್ ಬೋರ್ಡಿನಲ್ಲಿ ಅದಲುಬದಲು ಮಾಡಿದಾಗ ತೊಂದರೆ ವೈರಿನ ಜೊತೆಗೇ ಹೋಯ್ತು, ಅಂದರೆ ಬೋರ್ಡ್ ಸರಿ ಇದೆ. ಆ ವೈರ್ 18 ಸೆಂಟಿಮೀಟರ್. ಹೆಚ್ಚಾದದ್ದು ಸುರುಳಿಯಾಗಿ ಮಾಡ್ಯೂಲ್ ಬೆನ್ನಿಗೇ ಅಂಟಿಕೊಂಡಿದೆ. ಆ ಸುರುಳಿಯೇ ಮಾಡ್ಯೂಲಿನ ರೇಡಿಯೋ ಅಲೆ ಹಿಡಿಯುತ್ತಿದೆ ಅಂತ ನನ್ನ ಅನುಮಾನ.

ರಿಮೋಟಿನ ಸಾಫ್ಟ್‌ವೇರ್ ಎಡ್ಜ್‌ಟಿಎಕ್ಸ್‌ನ ಎಡಿಸಿ ಫಿಲ್ಟರ್ (ಸ್ಟಿಕ್ ರೀಡಿಂಗ್ ನಯ ಮಾಡುವ ಸೆಟ್ಟಿಂಗ್) ಆನ್ ಮಾಡಿ ಅನ್ನಬೇಡಿ, ಅದು ನಡುಕ ಮುಚ್ಚುತ್ತೆ, ಸ್ಟಿಕ್ ಪ್ರತಿಕ್ರಿಯೆಯನ್ನೂ ನಿಧಾನ ಮಾಡುತ್ತೆ.

ಬಲ್ಲವರು ಹೇಳಿ: ವೈರ್ 8 ಸೆಂಟಿಮೀಟರಿಗೆ ಕತ್ತರಿಸಿ ಗ್ರೌಂಡ್ ಜೊತೆ ಹೆಣೆದರೆ ಸಾಕಾ? ಅಥವಾ ಬೋರ್ಡ್ ಕಡೆ 1 ಕಿಲೋಓಮ್ ರೆಸಿಸ್ಟರ್, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಲಾ? ಸೆನ್ಸರ್ ಔಟ್‌ಪುಟ್‌ಗೆ ರೆಸಿಸ್ಟರ್ ಇಲ್ಲದೆ ಕೆಪಾಸಿಟರ್ ಹಾಕಲು ಧೈರ್ಯ ಇಲ್ಲ, ಕೆಲವು ಸೆನ್ಸರ್ ಅದರಿಂದಲೇ ಅಸ್ಥಿರವಾಗುತ್ತವೆ. ಫೆರೈಟ್ ರಿಂಗ್ (ವೈರಿನಲ್ಲಿ ರೇಡಿಯೋ ಗದ್ದಲ ತಡೆಯುವ ಉಂಗುರ) ಹಾಕಿ ನೋಡಿದವರಿದ್ದರೆ ಎಷ್ಟು ಸುತ್ತು ಹಾಕಿದಿರಿ?