ಎರಡು ಕಿಕ್ ಡ್ರಮ್ ಸದ್ದು ಸೇರಿಸಿದರೆ ಬೇಸ್ ಮಾಯ, ಯಾಕೆ?

ಪ್ರಶ್ನೆ: ಸಂಗೀತ ಮಿಕ್ಸ್ ಮಾಡುವಾಗ ಒಂದು ಕಿಕ್‌ನಲ್ಲಿ (ದೊಡ್ಡ ಡ್ರಮ್‌ನ ಸದ್ದು) ಒಳ್ಳೆ ಬೇಸ್ ಇದೆ, ಇನ್ನೊಂದರಲ್ಲಿ ಹೊಡೆತ ಚೆನ್ನಾಗಿದೆ. ಒಟ್ಟಿಗೆ ಹಾಕಿದರೆ ಸದ್ದು ಪೇಲವ. ವಾಲ್ಯೂಮ್ ಏರಿಸಿದರೂ ಅಷ್ಟೇ. ಏನು ಮಾಡಲಿ?

ಉತ್ತರ 1: ಫೇಸ್ ಸಮಸ್ಯೆ ಇರಬೇಕು, ಅಂದರೆ ಎರಡರ ಅಲೆಗಳ ಏರಿಳಿತ ಹೊಂದುತ್ತಿಲ್ಲ. ಒಂದು ಟ್ರ್ಯಾಕ್‌ನ ಪೊಲಾರಿಟಿ ತಿರುಗಿಸಿ (ಅಲೆ ತಲೆಕೆಳಗು ಮಾಡಿ), ಬೇಸ್ ಜಾಸ್ತಿ ಆದರೆ ಹಾಗೇ ಬಿಡಿ. ಇಲ್ಲದಿದ್ದರೆ ಅಲೆಯ ಚಿತ್ರ ಝೂಮ್ ಮಾಡಿ ಒಂದನ್ನು ಚೂರುಚೂರೇ ಸರಿಸುತ್ತಾ ಕೇಳಿ. 50 ಹರ್ಟ್ಸ್ ಅಲೆಗೆ ಒಂದು ಸುತ್ತು ಅಂದರೆ 20 ಮಿಲಿಸೆಕೆಂಡ್, ಹಾಗಾಗಿ ಅರ್ಧ ಸುತ್ತು, ಅಂದರೆ 10 ಮಿಲಿಸೆಕೆಂಡ್ ಆಚೀಚೆ ಆದರೂ ಸಾಕು, ಒಂದನ್ನೊಂದು ತಿಂದುಹಾಕುತ್ತವೆ.

ಉತ್ತರ 2: ಸರಿಸುವುದೆಲ್ಲ ಆಮೇಲೆ. ಹೊಡೆತಕ್ಕೆ ಇಟ್ಟ ಕಿಕ್‌ಗೆ ಸುಮ್ನೆ ಬೇಸ್ ಯಾಕೆ? ಹೈಪಾಸ್ ಫಿಲ್ಟರ್ ಹಾಕಿ 150 ಹರ್ಟ್ಸ್ ಕೆಳಗಿನದನ್ನು ತೆಗೆಯಿರಿ, ಜಗಳವೇ ಇರುವುದಿಲ್ಲ.

ಉತ್ತರ 1: ಆದರೆ ಮಾಮೂಲಿ ಫಿಲ್ಟರ್ ಕೂಡ ಫೇಸ್ ಬದಲಿಸುತ್ತದೆ ಅಲ್ವಾ. ಹಾಕಿದ ಮೇಲೆ ಪೊಲಾರಿಟಿ ಇನ್ನೊಮ್ಮೆ ನೋಡಿ.