ಪುಟ್ಟೀ, ಆ ನಂಬರ್ ಮಾತ್ರ ಯಾರಿಗೂ ಓದಿ ಹೇಳಬೇಡ

ಪುಟ್ಟೀ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ನಿನ್ನಪ್ಪ ಕಣ್ಣಿನ ಆಪರೇಷನ್ ಆಗಿ ಪುಣೆಯಲ್ಲಿ ನಿನ್ನ ಹತ್ತಿರ ಇದ್ದಾನೆ. ಅಡಿಕೆ ಲೆಕ್ಕವೆಲ್ಲ ಸಾಗರದ ಮನೆ ಕಂಪ್ಯೂಟರಿನಲ್ಲಿದೆ. ಅದನ್ನು ಪುಣೆಯಿಂದಲೇ ತೆಗೆದು ನೋಡುವ ಹಾಗೆ ಮಾಡಿದರೆ ಕಳ್ಳರು ಒಳಗೆ ನುಗ್ಗುತ್ತಾರಾ ಅಂತ ಕೇಳಿದ್ದೀಯ, ಅಲ್ವಾ? ಹೆದರಿಕೆ ಆಗಿದ್ದು ಒಳ್ಳೆಯದೇ. ನನಗೆ ಆವತ್ತು ಹೆದರಿಕೆ ಆಗಲಿಲ್ಲ, ಅದಕ್ಕೇ ಅನುಭವಿಸಿದೆ.

2022ರ ಮಳೆಗಾಲ. ಮಧ್ಯಾಹ್ನ ಊಟ ಮಾಡಿ ಕೂತಿದ್ದೆ, ಫೋನ್ ಬಂತು. ಕರೆಂಟ್ ಆಫೀಸಿನಿಂದ ಅಂದ. ಹಳೇ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಒಂಬತ್ತೂವರೆಗೆ ಲೈನ್ ಕಟ್ ಮಾಡ್ತೀವಿ ಅಂದ. ಬಿಲ್ ಕಟ್ಟಿದ ರಸೀದಿ ಕನ್ನಡಕದ ಡಬ್ಬಿ ಕೆಳಗೇ ಇತ್ತು! ಆದರೂ ಅವನು ಹೇಳಿದ ಆ್ಯಪ್ ಕಂಪ್ಯೂಟರಿಗೆ ಹಾಕಿಕೊಂಡೆ. ಬೇರೆಯವರು ದೂರದಿಂದಲೇ ನಮ್ಮ ಪರದೆ ನೋಡಿ ಕಂಪ್ಯೂಟರ್ ನಡೆಸುವ ಆ್ಯಪ್ ಅದು. ಪರದೆ ಮೇಲೆ ಒಂಬತ್ತು ಅಂಕಿ ಬಂತು, ಒಂದೊಂದಾಗಿ ಓದಿ ಹೇಳಿದೆ. ಒಪ್ಪಿಗೆ ಕೇಳಿತು, ಒತ್ತಿದೆ. ಹತ್ತು ರೂಪಾಯಿ ಕಟ್ಟಿ ಅಂದ. ನಾನು ಪಾಸ್‌ವರ್ಡ್ ಹಾಕಿದ್ದು ಅವನಿಗೂ ಕಾಣುತ್ತಿತ್ತು. ಓಟಿಪಿ ಹತ್ತು ರೂಪಾಯಿಗೇ ಬಂದದ್ದು ಅಂದುಕೊಂಡು ಅದನ್ನೂ ಹಾಕಿದೆ. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಎರಡೂ ಕೈ ಪಂಚೆಯ ಮೇಲೆ. ಮೌಸಿನ ಬಾಣ ತಾನಾಗಿಯೇ ಓಡಾಡುತ್ತಿತ್ತು. ಓಡಿಹೋಗಿ ರೌಟರ್ ವೈರ್ ಕಿತ್ತೆ. ಅಷ್ಟರಲ್ಲಿ ಮೂವತ್ತೆಂಟು ಸಾವಿರ ಹೋಗಿತ್ತು.

ಅದಕ್ಕೇ ಹೇಳುವುದು, ಪರದೆ ಮೇಲೆ ಬರುವ ನಂಬರ್ ಯಾರಿಗೂ ಓದಿ ಹೇಳಬೇಡ.

ಇಂಥ ಆ್ಯಪ್ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತಂತೆ. ನನ್ನ ಕಿವಿಗೆ ಬಿದ್ದದ್ದು ದುಡ್ಡು ಹೋದ ಮೇಲೆ. ಇಂಥ ಮೋಸದ ದೂರು ಕೊಡಲು 1930 ಅನ್ನುವ ಸಹಾಯವಾಣಿ ನಂಬರ್ ಇದೆ ಅಂತ ಗೊತ್ತಾದದ್ದೂ ಮಾರನೇ ದಿನ ಠಾಣೆಯಲ್ಲಿ. ಕೂಡಲೇ ಫೋನ್ ಮಾಡಿದ್ದರೆ ದುಡ್ಡು ತಡೆಯುವ ಸಾಧ್ಯತೆ ಇತ್ತು ಅಂದರು. ಬ್ಯಾಂಕಿನಲ್ಲಿ ಒಬ್ಬರು ಸಾಲಿನಲ್ಲಿ ನಿಂತವರ ಎದುರಿಗೇ, "ಓದಿದವರು ನೀವು, ಹೀಗೆ ಮಾಡೋದಾ" ಅಂದರು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. ಆವತ್ತು ರಾತ್ರಿ ನಮ್ಮ ಮನೆಯವರ ಇದೇ ಗ್ರೂಪಿನಲ್ಲಿ ಎಲ್ಲ ಬರೆದಿದ್ದೆ. ನಾಲ್ಕು ಜನ ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬರಾದರೂ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳಲಿಲ್ಲ. ಕಂಪ್ಯೂಟರ್ ತಂದಿಟ್ಟು ಹೋಗಲು ಎಲ್ಲರಿಗೂ ಪುರುಸೊತ್ತಿತ್ತು. ಪಕ್ಕದಲ್ಲಿ ಕೂತು ಅರ್ಧ ಗಂಟೆ ಹೇಳಿಕೊಡಲು ಯಾರಿಗೂ ಇರಲಿಲ್ಲ. ನಿಮ್ಮ ದೊಡ್ಡಮ್ಮ ಈಗಲೂ ಹೊಸ ನಂಬರಿಂದ ಫೋನ್ ಬಂದರೆ ಎತ್ತುವುದಿಲ್ಲ.

ಇರಲಿ. ನೀನು ಕೇಳಿದ್ದಕ್ಕೆ ಉತ್ತರ ಹೇಳಲೇ ಇಲ್ಲ.

ಪಕ್ಕದ ಮನೆ ಹುಡುಗ ರೌಟರ್‌ನಲ್ಲಿ 3389 ಪೋರ್ಟ್, ಅಂದರೆ ಹೊರಗಿನಿಂದ ಕಂಪ್ಯೂಟರಿಗೆ ಬರುವ ದಾರಿ, ತೆಗೆದರೆ ಸಾಕು ಅಂದನಂತಲ್ಲ, ಅದು ಬೇಡವೇ ಬೇಡ. ಬಾಗಿಲು ಇಡೀ ಜಗತ್ತಿಗೆ ತೆಗೆದ ಹಾಗೆ. ಅಂಥ ಬಾಗಿಲು ಹುಡುಕಿ ಪಾಸ್‌ವರ್ಡ್ ಊಹಿಸುತ್ತಲೇ ಇರುವ ಪ್ರೋಗ್ರಾಂಗಳಿವೆ. ಅಲ್ಲದೆ ನಿಮ್ಮ ಮನೆಯದು ವಿಂಡೋಸ್ ಹೋಮ್. ಅದರಲ್ಲಿ, ಆ ಪೋರ್ಟಿನಿಂದ ನಡೆಯುವ ವಿಂಡೋಸಿನದೇ ರಿಮೋಟ್ ಡೆಸ್ಕ್‌ಟಾಪಿಗೆ ಹೊರಗಿನಿಂದ ಬರಲು ಆಗುವುದೇ ಇಲ್ಲ, ವಿಂಡೋಸ್ ಪ್ರೊ ಬೇಕು. ನಿನಗೆ ಗೂಗಲಿನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು. ದುಡ್ಡು ಕೊಡಬೇಕಾಗಿಲ್ಲ, ರೌಟರ್ ಮುಟ್ಟಬೇಕಾಗಿಲ್ಲ. ಎರಡೂ ಕಡೆ ನಿನ್ನಪ್ಪನ ಜಿಮೇಲೇ ಇರಬೇಕು. ಅದರ ಪಾಸ್‌ವರ್ಡ್ ಇವತ್ತೇ ಬದಲಾಯಿಸು, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಫೋನಿನಲ್ಲೂ ಖಚಿತ ಮಾಡುವುದು) ಆನ್ ಮಾಡು. ಸಾಗರದ ಕಂಪ್ಯೂಟರಿಗೆ ಬರಲು ಹಾಕುವ ಪಿನ್ ಕಡಿಮೆ ಅಂದರೂ ಆರು ಅಂಕಿ ಇರಬೇಕು. ಹುಟ್ಟಿದ ತಾರೀಖು ಬೇಡ, ಅದು ಈ ಗ್ರೂಪಿಗೆಲ್ಲ ಗೊತ್ತು.

ಸಾಗರದಲ್ಲಿ ಕಂಪ್ಯೂಟರ್ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಇಡಬೇಕು. ಮಾನಿಟರ್ ಆರಿಸಿದರೆ ಪರವಾಗಿಲ್ಲ, ಸಿಪಿಯು ಆರಿಸಬಾರದು. ಕರೆಂಟ್ ಹೋಗಿ ಬಂದರೆ ನಿಮ್ಮಮ್ಮ ಬಟನ್ ಒತ್ತಬೇಕು, ಅಷ್ಟೇ ಕೆಲಸ.

ಭಾನುವಾರ ಬೆಳಿಗ್ಗೆ ಬಸ್ಸಿಗೆ ನಾನೇ ಹೋಗಿ ಅಲ್ಲಿ ಕೂತು ಹಾಕಿಕೊಡುತ್ತೇನೆ. ಹನ್ನೊಂದು ಗಂಟೆಗೆ ನಿನ್ನಪ್ಪನ ಫೋನ್ ಕೈಯಲ್ಲೇ ಇಟ್ಟುಕೊ, ಗೂಗಲಿನಿಂದ ಕೋಡ್ ಬರುತ್ತದೆ. ಮತ್ತೆ ಹೇಳುತ್ತೇನೆ, ನಂಬರ್ ಯಾರಿಗೂ ಓದಿ ಹೇಳಬೇಡ. ನಾನು ವಿಡಿಯೋ ಕಾಲ್ ಮಾಡುತ್ತೇನೆ. ನನ್ನ ಮುಖ ಕಾಣಬೇಕು, ಹಿಂದೆ ನಿಮ್ಮನೆ ಗೋಡೆ ಗಡಿಯಾರ ಕಾಣಬೇಕು. ಆಗ ಮಾತ್ರ ಕೋಡ್ ಹೇಳು.