ಪದಚರ್ಚೆ: ಒಟ್ಟಿಗೆ 7 ಡಿವಿಡಿ ಕಾಪಿ ಮಾಡುವ ಪೆಟ್ಟಿಗೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ನಮ್ಮ ಯಕ್ಷಗಾನ ಸಂಘದ ಹಳೇ ರೆಕಾರ್ಡಿಂಗ್ ಹಂಚಲು ಮನೆಯಲ್ಲೇ ಒಂದು ಡೂಪ್ಲಿಕೇಟರ್ ಜೋಡಿಸಿದ್ದೇನೆ. ಮೇಲೆ ಓದುವ ಡ್ರೈವ್ 1, ಕೆಳಗೆ ಬರೆಯುವ ಡ್ರೈವ್ 7, ಒಂದು ಕಂಟ್ರೋಲರ್ ಬೋರ್ಡು. ಕಂಪ್ಯೂಟರ್ ಬೇಕಿಲ್ಲ. (ಎಂಟೂ ಒಟ್ಟಿಗೆ ತಿರುಗಿದಾಗ ಕರೆಂಟ್ ಕೊಡುವ ಹಳೇ ಎಸ್‌ಎಂಪಿಎಸ್ ಡಬ್ಬ ಸುಸ್ತಾಯಿತು, ದೊಡ್ಡದು ಹಾಕಿದೆ.) 4.7 ಜಿಬಿ ಡಿವಿಡಿ 16 ಎಕ್ಸ್ ವೇಗದಲ್ಲಿ ಆರೇಳು ನಿಮಿಷಕ್ಕೆ ಏಳು ಆಗುತ್ತವೆ.

ಮೇಲೆ 'ನಕಲು ಯಂತ್ರ' ಅಂತ ಬರೆದಿದ್ದೆ. ನೋಡಿದವರೆಲ್ಲ 'ನಕಲಿ ಸಿಡಿ ಮಾಡ್ತೀರಾ?' ಅಂತ ನಗುತ್ತಾರೆ. ಸ್ಟಿಕ್ಕರ್ ಅಂಗಡಿಗೆ ಸಂಜೆ 5ರೊಳಗೆ ಹೇಳಬೇಕು. ಕಾಪಿ ಮೂಲದ ಹಾಗೇ ಬಂದಿದೆಯಾ ಅಂತ ನೋಡುವ 'ವೆರಿಫೈ' ಗುಂಡಿಗೂ ಒಂದು ಪದ ಕೊಡಿ.

— ಉಡುಪಿಯಿಂದ

ಪಡಿಯಚ್ಚುಗ. ನಕಲು ಅರಬ್ಬಿ, ಪ್ರತಿ ಸಂಸ್ಕೃತ. ನಮ್ಮದೇ ಇರುವಾಗ ಕಡ ಯಾಕೆ?

— ಮೈಸೂರಿನಿಂದ

ಪಡಿ ನಮ್ಮದು ಅಂತ ಯಾರು ಹೇಳಿದ್ದು? ಸಂಸ್ಕೃತದ ಪ್ರತಿಯೇ ಪ್ರಾಕೃತದಲ್ಲಿ ಪಡಿ. ಪಡಿನೆಳಲು, ಪಡಿಯಚ್ಚು ಎಲ್ಲ ಅದೇ ಮನೆಯವು. ಅಕ್ಕಿ ಅಳೆಯುವ ಪಡಿ ಬೇರೆ.

ಅಚ್ಚೂ ಸರಿಯಿಲ್ಲ. ಅಚ್ಚು ಒತ್ತುವುದು ಕಾರ್ಖಾನೆಯಲ್ಲಿ. ಅಲ್ಲಿ ಗಾಜಿನ ಮೂಲದಿಂದ ಲೋಹದ ಅಚ್ಚು ತೆಗೆದು ಪ್ಲಾಸ್ಟಿಕ್ಕಿಗೆ ಒತ್ತುತ್ತಾರೆ. ಇವರ ಪೆಟ್ಟಿಗೆಯಲ್ಲಿ ಲೇಸರ್ ಬಣ್ಣದ ಪದರವನ್ನು ಸುಡುತ್ತದೆ, ಅಷ್ಟೇ. ಅಚ್ಚೆಲ್ಲಿ ಬಂತು?

— ಧಾರವಾಡದಿಂದ

ಹಾಗಾದರೆ 'ಸುಡುಪೆಟ್ಟಿಗೆ' ಅನ್ನಿ! ತದ್ಭವ ಸೊಸೆ ಇದ್ದ ಹಾಗೆ ರಾಯರೇ. ಬಂದು ಇಷ್ಟು ಕಾಲ ಆದಮೇಲೂ ಹೊರಗಿನವಳು ಅಂತೀರಾ?

— ಮೈಸೂರಿನಿಂದ

ನಕಲೂ ಸೊಸೆಯೇ ಅಲ್ವಾ? ಅವಳಿಗೆ ಮಾತ್ರ ಯಾಕೆ ಬಾಗಿಲು ಹಾಕಿದಿರಿ? ತಾಲೂಕು ಕಚೇರಿಗೆ ಹೋಗಿ 'ಪಹಣಿಯ ಪಡಿಯಚ್ಚು ಕೊಡಿ' ಅನ್ನಿ, ನೋಡೋಣ.

— ಧಾರವಾಡದಿಂದ

ಜಗಳ ಆಮೇಲೆ ಆಡಿ. ಕೇಳಿದವರಿಗೆ 5 ಗಂಟೆಗೆ ಪದ ಬೇಕು. ನಕಲು ತಪ್ಪಲ್ಲ, ಆದರೆ ಬೋರ್ಡು ಓದುವವರು 'ಲು' ಯಾವುದು 'ಲಿ' ಯಾವುದು ಅಂತ ನಿಂತು ನೋಡಲ್ಲ. ಮೇಲಿನ ಡ್ರೈವಿಗೆ 'ಮೂಲ', ಕೆಳಗಿನವಕ್ಕೆ 'ಪ್ರತಿ 1'ರಿಂದ 'ಪ್ರತಿ 7'ರವರೆಗೆ ಅಂಟಿಸಿ. ಪೆಟ್ಟಿಗೆಗೆ 'ಪ್ರತಿ ಯಂತ್ರ' ಮಾತ್ರ ಬೇಡ, 'ಒಂದೊಂದು ಯಂತ್ರ' ಅಂದ ಹಾಗಾಗುತ್ತದೆ. ವೆರಿಫೈಗೆ 'ತಾಳೆ ನೋಡು'. ಲೆಕ್ಕ ಬರೆಯುವವರು ದಿನಾ ಹೇಳುವ ಮಾತು.

— ಕುಂದಾಪುರದಿಂದ

'ತಾಳೆ ನೋಡು' ಚೆನ್ನಾಗಿದೆ ಮೇಡಂ, ಗುಂಡಿಗೆ ಅದೇ. ಮೂಲ, ಪ್ರತಿಯೂ ಆಯಿತು. ಹೆಸರಿಗೆ ಕಾಯಲು ಆಗಲಿಲ್ಲ, ಅಂಗಡಿಯವರು ಎರಡು ಸಲ ಫೋನ್ ಮಾಡಿದರು. 'ಸಿಡಿ ಕಾಪಿ ಪೆಟ್ಟಿಗೆ' ಅಂತ ಕೊಟ್ಟುಬಿಟ್ಟೆ.

— ಉಡುಪಿಯಿಂದ

ಕಾಪಿ! ನಮ್ಮ ಕಡೆ ಅದನ್ನು ಕುಡಿಯುತ್ತಾರೆ ಸ್ವಾಮಿ.

— ಮೈಸೂರಿನಿಂದ